ಮೊಂಡು ಮೊನೆಯ ನಕ್ಷತ್ರ

ಹೊನ್ನೇಶ ಅವರು ನಾಲಿಗೆ ಹೊರಗೆ ಚಾಚಿದರೆಂದರೆ ಕೋಣೆಯಲ್ಲಿದ್ದವರೆಲ್ಲ ಉಸಿರು ಬಿಗಿ ಹಿಡಿಯಬೇಕು, ಅದು ಅಲ್ಲಿಯ ಶಿಸ್ತು. ಗದಗಿನಲ್ಲಿ ಒಂದು ಮಾಳಿಗೆಯ ಮೇಲೆ ಎರಡು ಕೋಣೆ ಬಾಡಿಗೆ ಹಿಡಿದು 'ವೀರಸ್ಮೃತಿ ಸಂಗ್ರಹಾಲಯ' ಎಂದು ಬೋರ್ಡು ಬರೆಸಿಕೊಂಡಿದ್ದ ಈ ಮಹಾನುಭಾವರು, ಯುದ್ಧಕಾಲದ ಪದಕ ಬರಲಿ, ಬೆಲ್ಟಿನ ಬಕಲು ಬರಲಿ, ಮೊದಲು ಭೂತಗನ್ನಡಿಯಲ್ಲಿ ನೋಡುತ್ತಿದ್ದರು. ಆಮೇಲೆ ಮೂಸುತ್ತಿದ್ದರು. ಕೊನೆಗೆ ನಾಲಿಗೆಯ ತುದಿಯನ್ನು ಅದಕ್ಕೆ ಮುಟ್ಟಿಸಿ ಕಣ್ಣು ಮುಚ್ಚುತ್ತಿದ್ದರು. ಕಣ್ಣು ತೆರೆದಾಗ ಆ ವಸ್ತುವಿನ ಜಾತಕ ಅವರ ಬಾಯಲ್ಲಿರುತ್ತಿತ್ತು.

ಆ ದಿನ ಬಿಂಕದಕಟ್ಟಿಯ ನೀಲಪ್ಪ ಒಂದು ಬರ್ಮಾ ನಕ್ಷತ್ರ ತಂದಿದ್ದ. ಎರಡನೇ ಮಹಾಯುದ್ಧದಲ್ಲಿ ಬರ್ಮಾದ ಕಡೆ ಕಾದಾಡಿ ಬಂದವರಿಗೆ ಬ್ರಿಟಿಷರು ಕೊಟ್ಟ ಪದಕ ಅದು. ಆರು ಮೊನೆ, ನಡುವೆ ಕಿರೀಟ, ಹಿಂಬದಿಗೆ ಸಿಪಾಯಿಯ ನಂಬರು ಮತ್ತು ಹೆಸರು. ತನ್ನ ಪರಿಚಯದ ಮುದುಕಿಯೊಬ್ಬಳ ಟ್ರಂಕಿನ ತಳದಲ್ಲಿ ಸಿಕ್ಕಿತೆಂದು ನೀಲಪ್ಪ ಕಣ್ಣೊರೆಸಿಕೊಳ್ಳುತ್ತ ಹೇಳಿದ. ಹೊನ್ನೇಶ ನೆಕ್ಕಿದರು. ಕಣ್ಣು ಮುಚ್ಚಿದರು. ಗಡಿಯಾರದ ಸೆಕೆಂಡು ಮುಳ್ಳು ಒಂದು ಸುತ್ತು ಬಂದ ಮೇಲೆ ಬಾಯಿ ಬಿಟ್ಟರು.

"ಮದ್ದಿನ ರುಚಿ ಐತಿ. ಎಂಬತ್ತು ವರ್ಷ ಆದ್ರೂ ಬಿಟ್ಟಿಲ್ಲ ನೋಡ್ರಿ. ಇದು ರಣರಂಗ ಕಂಡ ವಸ್ತು."

ಮೂಲೆಯ ಸ್ಟೂಲಿನ ಮೇಲೆ ಕುಳಿತಿದ್ದ ಶಫೀಕ ಕೆಳತುಟಿ ಕಚ್ಚಿಕೊಂಡ. ಸಂಗ್ರಹಾಲಯಕ್ಕೆ ಮಾಡಿಕೊಟ್ಟ ಹಿತ್ತಾಳೆ ನಾಮಫಲಕಗಳನ್ನು ತಲುಪಿಸಲು ಬಂದವನು ಅವನು. ಆ ನಕ್ಷತ್ರ ಕಂಡ ರಣರಂಗ ಯಾವುದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದು ನೀಲಪ್ಪನ ಹಿತ್ತಲ ತಿಪ್ಪೆ. ಅಲ್ಲಿ ನಲವತ್ತು ದಿನ ಹೂತಿಟ್ಟು, ನಲವತ್ತೊಂದನೆಯ ದಿನ ತೆಗೆದು, ಹಳೆಯ ಸೀರೆಯ ತುಂಡಿನಲ್ಲಿ ಒರೆಸಿ ಕಳಿಸಿದವನು ಶಫೀಕನೇ. ಹೊನ್ನೇಶರ ನಾಲಿಗೆಗೆ ಹತ್ತಿದ ಮದ್ದನ್ನು ಇಂಗ್ಲಿಷರಲ್ಲ, ಜಪಾನಿಯರಲ್ಲ, ಎರಡು ಎಮ್ಮೆ ಮತ್ತು ಒಂದು ಮುದಿ ಎತ್ತು ಕೂಡಿ ತಯಾರಿಸಿದ್ದವು.

ಹೊನ್ನೇಶರನ್ನು ಬರೀ ಪೆದ್ದರೆಂದು ತಿಳಿಯಬೇಡಿ. ಅಷ್ಟು ಸುಲಭದ ಮನುಷ್ಯರಲ್ಲ ಅವರು. ಮೂವತ್ತು ವರ್ಷ ಊರೂರು ತಿರುಗಿ ಅಂಗಡಿಗಳ ತೂಕದ ಕಲ್ಲಿಗೆ ಸರ್ಕಾರಿ ಮುದ್ರೆ ಒತ್ತಿದ ಕೈ ಅವರದು. ನಿವೃತ್ತಿಯಾದ ಮೇಲೆ ಒತ್ತಲು ಏನೂ ಇಲ್ಲದೆ ಕೈ ತುರಿಸತೊಡಗಿತು. ತೂಕದ ಕಲ್ಲು ಹೋದವು, ಸತ್ತ ಸಿಪಾಯಿಗಳು ಸಿಕ್ಕರು. ಹೊನ್ನೇಶ ಒಪ್ಪಿದ ವಸ್ತುವಿಗೆ ಬಂಗಾರದ ಬಣ್ಣದ ಚೀಟಿ ಅಂಟಿಸಿದ ಪ್ರಮಾಣಪತ್ರ ಸಿಗುತ್ತಿತ್ತು. ಆ ಪತ್ರ ನೋಡಿ ಪುಣೆ, ಬೆಂಗಳೂರಿನ ಸಂಗ್ರಾಹಕರು ಕಣ್ಣು ಮುಚ್ಚಿ ಕೊಳ್ಳುತ್ತಿದ್ದರು. ಅವರು ಒಪ್ಪದ ವಸ್ತುವಿಗೆ ಬೇರೆ ಮರ್ಯಾದೆ ಇತ್ತು. ಅದು ಮತ್ತೆ ಸಂತೆಗೆ ಬಂದು ಯಾರನ್ನೂ ಮೋಸಗೊಳಿಸಬಾರದೆಂದು ಹಿಂಬದಿಗೆ 'ನಕಲಿ' ಎಂದು ಕೊರೆಸಿಯೇ ಮನೆಗೆ ಒಯ್ಯಬೇಕು, ಇಲ್ಲದಿದ್ದರೆ ಪೊಲೀಸರಿಗೆ ಕೊಡುತ್ತೇನೆ ಎಂದು ಹೆದರಿಸುತ್ತಿದ್ದರು. ಕೊರೆಯುವ ಕೆಲಸ ಶಫೀಕನದೇ. ಇಡೀ ಜಿಲ್ಲೆಯಲ್ಲಿ ಖರೆಯನ್ನೂ ಖೋಟಾವನ್ನೂ ಒಂದೇ ಉಳಿಯಿಂದ ಬರೆಯುವ ಭಾಗ್ಯ ಪಡೆದವನು ಅವನೊಬ್ಬನೇ.

ಶಫೀಕನ ಅಂಗಡಿ ಬೆಟಗೇರಿಯಲ್ಲಿ. ಕಸುಬು ಪಾತ್ರೆಗಳ ಮೇಲೆ ಹೆಸರು ಹಾಕುವುದು. ನಮ್ಮ ಕಡೆ ಲಗ್ನಕ್ಕೆ ಕೊಡ ಕೊಟ್ಟರೆ ಕೊಟ್ಟವರ ಹೆಸರು ಅದರ ಹೊಟ್ಟೆಯ ಮೇಲೆ ಎದ್ದು ಕಾಣಬೇಕು, ಹೆಸರಿಲ್ಲದ ಕೊಡ ಕೊಟ್ಟವನು ಕೊಟ್ಟ ಹಾಗೇ ಅಲ್ಲ. ಮುಂಡರಗಿ, ಲಕ್ಷ್ಮೇಶ್ವರದ ತನಕ ಅವನ ಅಕ್ಷರ ಅಡುಗೆಮನೆಗಳಲ್ಲಿ ಹೊಳೆಯುತ್ತಿದ್ದವು. ಆದರೆ ಜನ ಕೊಡ ಬಿಟ್ಟು ಲಕೋಟೆ ಕೊಡಲು ಕಲಿತರು. ಲಕೋಟೆಯ ಮೇಲೆ ಉಳಿ ಹೊಡೆಯಲು ಬರುವುದಿಲ್ಲ. ಖಾಲಿ ಕುಳಿತ ಕೈಗೆ ಬೇರೆ ಹೆಸರುಗಳು ಬೇಕಾದವು, ಸಿಪಾಯಿಗಳು ಅವನಿಗೂ ಸಿಕ್ಕರು.

ಆ ಸಿಪಾಯಿಗಳು ಹುಟ್ಟುತ್ತಿದ್ದ ರೀತಿ ಹೇಳಿದರೆ ನಗಬೇಡಿ. ಲಕ್ಷ್ಮೇಶ್ವರದ ಗುಜರಿಯಿಂದ ಹಳೆಯ ನಲ್ಲಿ, ಒಡಕು ಕೊಳಗ ತಂದು ಕರಗಿಸಿ, ಮರಳಿನ ಅಚ್ಚಿಗೆ ಹೊಯ್ದರೆ ನಕ್ಷತ್ರ ತಯಾರು. ಹಿಂಬದಿಯ ಹೆಸರಿಗೆ ಅವನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆ ಹೊತ್ತಿಗೆ ಯಾರ ಪಾತ್ರೆ ಮುಂದಿದೆಯೋ ಅವರನ್ನೇ ಬರ್ಮಾಕ್ಕೆ ಕಳಿಸಿಬಿಡುತ್ತಿದ್ದ. ಮುಂಡರಗಿಯ ಮದುವೆಯೊಂದಕ್ಕೆ ಹಂಡೆ ಕೊಟ್ಟ ಮೈಲಾರಪ್ಪ ಹೀಗೆ ಬರ್ಮಾ ಗಡಿಯ ಇಂಫಾಲದ ಕಾಡಿನಲ್ಲಿ ಗುಂಡೇಟು ತಿಂದು ಸತ್ತ. ಪುಣ್ಯಾತ್ಮ ಈಗಲೂ ಮುಂಡರಗಿಯಲ್ಲಿ ಗೊಬ್ಬರ ಮಾರಿಕೊಂಡು ಚೆನ್ನಾಗಿದ್ದಾನೆ. ಪ್ರತಿಯೊಬ್ಬನಿಗೂ ಒಂದು ಕಥೆ ಕಟ್ಟುವುದು ನೀಲಪ್ಪನ ಕೆಲಸ. ಗದಗಿನವರು ಬಸ್ಸು ಹತ್ತಿ ಹೋಗಿ ವಿಚಾರಿಸುವ ತೊಂದರೆ ತೆಗೆದುಕೊಳ್ಳದಷ್ಟು ದೂರ ಇರಲಿ ಎಂದು ಅವನು ಎಲ್ಲರನ್ನೂ ಶಿರಹಟ್ಟಿ ತಾಲೂಕಿನಲ್ಲಿ ಹುಟ್ಟಿಸುತ್ತಿದ್ದ. ಏಳು ವರ್ಷದಲ್ಲಿ ಇಂಥ ಹನ್ನೊಂದು ವೀರರು ಹುಟ್ಟಿದರು, ಹನ್ನೊಂದಕ್ಕೂ ಹೊನ್ನೇಶರ ಬಂಗಾರದ ಚೀಟಿ ಅಂಟಿತು. ಮೂರು ನಕ್ಷತ್ರ ಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದವು, ಉಳಿದವು ದೇಶ ಸಂಚಾರಕ್ಕೆ ಹೋದವು.

ಒಂದು ಮಾತು ಮಾತ್ರ ಶಫೀಕ ಯಾರಿಗೂ ಹೇಳಿರಲಿಲ್ಲ. ಅಚ್ಚು ತೆಗೆಯಲು ಮೂಲ ಬೇಕಲ್ಲ, ಆ ಮೂಲ ಅವನ ಅಜ್ಜನದು.

ಅಜ್ಜ ರಹಮಾನಸಾಬ ಖರೆ ಖರೆ ಬರ್ಮಾಕ್ಕೆ ಹೋಗಿದ್ದ. ಪಲ್ಟಣಕ್ಕೆ ಅಕ್ಕಿ, ಮದ್ದು ಸಾಗಿಸುವ ಟ್ರಕ್ಕಿನ ಡ್ರೈವರ. ತಿರುಗಿ ಬಂದು ಶಿರಹಟ್ಟಿಯಲ್ಲಿ, ಪಂಪು ಹೊಡೆದು ಹಚ್ಚುವ ಗ್ಯಾಸಬತ್ತಿಗಳ ರಿಪೇರಿ ಅಂಗಡಿ ಇಟ್ಟ. ಮದುವೆ, ನಾಟಕಕ್ಕೆ ಬತ್ತಿ ಬೇಕೆಂದವರೆಲ್ಲ ಅವನಲ್ಲಿಗೇ ಬರಬೇಕು, ಬಂದವರೆಲ್ಲ ಅವನ ಬರ್ಮಾ ಕಥೆ ಕೇಳಬೇಕು. ಕೆಸರಿನಲ್ಲಿ ಟ್ರಕ್ಕು ಹೂತು ಆರು ದಿನ ಅದರ ಕೆಳಗೇ ಮಲಗಿದ್ದು, ಜಿಗಣೆಗಳನ್ನು ಬೀಡಿಯಿಂದ ಸುಟ್ಟು ಬಿಡಿಸಿಕೊಂಡಿದ್ದು ಎಲ್ಲ. ಜನ ಬತ್ತಿ ಒಯ್ದರು, ಕಥೆ ನಂಬಲಿಲ್ಲ. 'ಬರ್ಮಾ ಬಡಾಯಿ' ಎಂದು ಹೆಸರಿಟ್ಟರು. ಆ ಹೆಸರು ಅವನ ಜೊತೆ ಕಬರಸ್ತಾನದ ತನಕ ನಡೆಯಿತು. ಅವನ ಕಾಗದಪತ್ರ ಗೆದ್ದಲು ತಿಂದವು. ಉಳಿದದ್ದು ಆ ನಕ್ಷತ್ರ. ಅದನ್ನೂ ಅವನು ಎದೆಗೆ ಹಾಕಿಕೊಂಡವನಲ್ಲ, ಅದರ ಒಂದು ಮೊನೆಯಿಂದ ಗ್ಯಾಸಬತ್ತಿಯ ತಿರುಪು ಬಿಗಿಯುತ್ತಿದ್ದ. ನಲವತ್ತು ವರ್ಷ ತಿರುಪು ತಿರುವಿ ತಿರುವಿ ಕೆಳಗಿನ ಎಡಮೊನೆ ಮೊಂಡಾಗಿ ಹೋಗಿತ್ತು.

ಮೊಂಡು ಮೊನೆ ಅಚ್ಚಿಗೂ ಬಂತು, ಹನ್ನೊಂದು ನಕ್ಷತ್ರಕ್ಕೂ ಬಂತು. ಹೊನ್ನೇಶ ಅದನ್ನು ನೋಡಿ ಎರಡು ತಿಂಗಳು ಚಿಂತಿಸಿದರು. ಆಮೇಲೆ ತಮ್ಮ ಕೈಯಿಂದ ದುಡ್ಡು ಹಾಕಿ ಅಚ್ಚು ಹಾಕಿಸಿದ ಪುಸ್ತಕದಲ್ಲಿ ಬರೆದರು: ನಮ್ಮ ಭಾಗದ ಸಿಪಾಯಿಗಳಿಗೆ ಕೊಟ್ಟ ನಕ್ಷತ್ರಗಳ ಕೆಳಗಿನ ಎಡಮೊನೆ ಮೊಂಡಾಗಿರುವುದು ಟಂಕಸಾಲೆಯ ಗುಪ್ತ ಗುರುತು, ಇದಿಲ್ಲದ್ದು ಖೋಟಾ. ಇಂಥ ಗುಪ್ತ ಗುರುತು ಇದೆಯೆಂಬುದು ಟಂಕಸಾಲೆಗೂ ಗೊತ್ತಿರಲಿಲ್ಲ, ಅಷ್ಟು ಗುಪ್ತ.

ಹೀಗೇ ನಡೆದುಕೊಂಡು ಹೋಗುತ್ತಿತ್ತು. ಆದರೆ ಶಿರಹಟ್ಟಿಯಲ್ಲಿ ಒಂದು ಸ್ಮಾರಕ ಸಮಿತಿ ಹುಟ್ಟಿತು. ಮಹಾಯುದ್ಧಕ್ಕೆ ಹೋದ ತಾಲೂಕಿನ ಸಿಪಾಯಿಗಳ ಹೆಸರನ್ನು ದೊಡ್ಡ ಹಿತ್ತಾಳೆ ಫಲಕದ ಮೇಲೆ ಕೊರೆಸಿ, ಆಗಸ್ಟ್ ಹದಿನೈದಕ್ಕೆ ಅನಾವರಣ ಮಾಡಬೇಕೆಂದು ಅಧ್ಯಕ್ಷ ಸೋಮೇಶ ಠರಾವು ಮಾಡಿದ. ದಾಖಲೆ ಬೇಡಿ ಬರೆದ ಪತ್ರಗಳಿಗೆ ಎಲ್ಲಿಂದಲೂ ಉತ್ತರ ಬರಲಿಲ್ಲ. ಹಾಗಾದರೆ ಯಾರನ್ನು ಕೇಳಬೇಕು? ಹೊನ್ನೇಶರನ್ನು. ಅವರು ಒಂದೇ ದಿನದಲ್ಲಿ ಹನ್ನೊಂದು ಹೆಸರಿನ ಪಟ್ಟಿ ಕೊಟ್ಟರು. ಕೊರೆಯುವ ಕೆಲಸ ಬೆಟಗೇರಿಗೆ ಬಂತು. ಪಟ್ಟಿ ನೋಡಿದ ಶಫೀಕನಿಗೆ ತನ್ನ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳನ್ನೆಲ್ಲ ಒಟ್ಟಿಗೆ ಕಂಡ ಹಾಗಾಯಿತು. ನಗು ಬಂತು, ನಕ್ಕ. ಮುಂದೆ ಅಳಬೇಕಾದೀತೆಂದು ಆಗ ಹೊಳೆಯಲಿಲ್ಲ.

ಅವನ ಸೋದರತ್ತೆ ಸುಗ್ರಾಬಿ, ರಹಮಾನಸಾಬನ ಒಬ್ಬಳೇ ಮಗಳು, ಫಲಕದ ಸುದ್ದಿ ಕೇಳಿದಳು. ಶಿರಹಟ್ಟಿಯಲ್ಲೇ ಇದ್ದ ಎಪ್ಪತ್ತೇಳರ ಹೆಂಗಸು. ಅಪ್ಪನ ನಕ್ಷತ್ರ ಇದ್ದದ್ದು ಅವಳ ಹತ್ತಿರ, ಶಫೀಕ ಅದನ್ನು ಅವಳಿಗೆ ತಿಳಿಯದಂತೆ ಒಯ್ದು ಅಚ್ಚು ತೆಗೆದು ತಿರುಗಿ ಇಟ್ಟಿದ್ದ. ಅಪ್ಪನ ಹೆಸರು ಆ ಹಿತ್ತಾಳೆಯ ಮೇಲೆ ಬಂದರೆ ಸಾಕು, ಬಡಾಯಿ ಎಂದ ಬಾಯಿಗಳೆಲ್ಲ ತಾವೇ ಮುಚ್ಚಿಕೊಳ್ಳುತ್ತವೆ ಎಂಬುದೊಂದೇ ಅವಳ ಆಸೆ. ಹಾಸಿಗೆ ಹಿಡಿಯುವ ಮೊದಲು ಅದೊಂದನ್ನು ಕಣ್ಣಾರೆ ಕಾಣಬೇಕು. ಅದಕ್ಕೆ ಹೊನ್ನೇಶರ ಚೀಟಿ ಬೇಕೆಂದು ಸಮಿತಿಯವರು ಹೇಳಿದರು. ಶಫೀಕನಿಗೆ ಹೇಳದೆ, ಆಮೇಲೆ ಹೇಳಿ ಖುಷಿ ಪಡಿಸೋಣವೆಂದು, ಅವಳೊಬ್ಬಳೇ ಗದಗಿನ ಬಸ್ಸು ಹತ್ತಿದಳು. ಅಪ್ಪನ ನಕ್ಷತ್ರ ದೊಡ್ಡವರ ಕೈಗೆ ಹೋಗುವಾಗ ಮಂಕಾಗಿರಬಾರದಲ್ಲ. ಹಿಂದಿನ ದಿನವೇ ಹುಣಸೆಹಣ್ಣು, ಬೂದಿ ಹಚ್ಚಿ ಮನೆಯ ಹಿತ್ತಾಳೆ ತಿಕ್ಕುವ ಹಾಗೆ ತಿಕ್ಕಿ ತಿಕ್ಕಿ ಬೆಳಗಿಟ್ಟಿದ್ದಳು.

ಹೊನ್ನೇಶ ಹೊಳಪು ನೋಡಿಯೇ ಮುಖ ಸಿಂಡರಿಸಿದರು. ಆದರೂ ನ್ಯಾಯ ನ್ಯಾಯವೇ, ನಾಲಿಗೆ ಚಾಚಿದರು. ಹುಳಿ ಹತ್ತಿತು. ಯುದ್ಧದ ವಸ್ತು ಎಂದಾದರೂ ಹುಳಿ ಇರುತ್ತದೆಯೇ ಎಂದು ಅವಳನ್ನೇ ಕೇಳಿದರು. ಅವಳು ಮೊಂಡು ಮೊನೆ ತೋರಿಸಿ ಅಪ್ಪನ ತಿರುಪಿನ ಕಥೆ ಹೇಳಲು ಹೋದಳು. ಹೊನ್ನೇಶ ಕೈಯೆತ್ತಿ ತಡೆದರು. ತಮ್ಮ ಪುಸ್ತಕವನ್ನೇ ಓದಿ ಖೋಟಾ ಮಾಡುವವರು ಗುಪ್ತ ಗುರುತನ್ನೂ ಕಲಿತುಬಿಟ್ಟಿದ್ದಾರೆ, ಏನು ಕಾಲ ಬಂತಪ್ಪ ಎಂದು ನೊಂದುಕೊಂಡರು. ಚೀಟಿಯ ಮೇಲೆ 'ಹಿಂಬದಿಗೆ ನಕಲಿ ಎಂದು ಕೊರೆಯತಕ್ಕದ್ದು' ಎಂದು ಬರೆದು ಬೆಟಗೇರಿಗೆ ಕಳಿಸಿದರು.

ಸುಗ್ರಾಬಿ ಮನೆಯಲ್ಲಿ ಆಡುವುದು ಉರ್ದು. ಸಿಟ್ಟು ಬಂದಾಗ ಮಾತ್ರ ಕನ್ನಡಕ್ಕೆ ಇಳಿಯುತ್ತಾಳೆ. ಶಫೀಕನ ಅಂಗಡಿಯ ಮೆಟ್ಟಿಲೇರಿ, ಚೀಟಿಯನ್ನೂ ನಕ್ಷತ್ರವನ್ನೂ ಅವನ ಮುಂದೆ ಇಟ್ಟಳು.

"ಆ ನಾಲಿಗಿ ಸಾಹೇಬ ನೆಕ್ಕಿ ನೋಡಿ, ನಮ್ಮಪ್ಪ ಖೋಟಾ ಅಂದ. ಹಿಂದ ಹಂಗಂತ ಬರಸ್ಕೋಬೇಕಂತ. ನೀನಽ ಬರಿ. ಬ್ಯಾರೆದವರ ಕೈ ಬ್ಯಾಡ." ನಕ್ಷತ್ರವನ್ನು ಅವನ ಹತ್ತಿರ ಸರಿಸಿ ಹೇಳಿದಳು, "ಸಣ್ಣಾಗಿ ಬರಿ."

ಶಫೀಕ ಉಳಿ ಕೈಗೆ ತೆಗೆದುಕೊಂಡ, ಕೆಳಗಿಟ್ಟ. ಎಂಥ ಹೊಲಸು ಕೆಲಸ ಮಾಡಿದ್ದೇನೆಂದು ಅವನಿಗೆ ಮೊದಲ ಸಲ ಅನಿಸಿತು. ನಾನೇ ಸಾಹೇಬರ ಜೊತೆ ಮಾತಾಡುತ್ತೇನೆ, ನಕ್ಷತ್ರ ನನ್ನ ಹತ್ತಿರ ಇರಲಿ, ನೀನು ಊರಿಗೆ ನಡೆ ಎಂದು ಅತ್ತೆಯನ್ನು ಬಸ್ಸು ಹತ್ತಿಸಿದ.

ಸಂಜೆಯೇ ಹೋಗಿ ಹೊನ್ನೇಶರ ಮುಂದೆ ನಿಂತು ಎಲ್ಲವನ್ನೂ ಒಪ್ಪಿಕೊಂಡ. ಅಚ್ಚು, ನಲ್ಲಿ, ಕೊಳಗ, ನಲವತ್ತು ದಿನ ಹುಗಿಯುವುದು, ನೀಲಪ್ಪನ ಕಥೆಗಳು, ಆ ಮುದುಕಿ ತನ್ನ ಅತ್ತೆ ಎಂಬುದು, ಒಂದನ್ನೂ ಬಿಡಲಿಲ್ಲ. ಹೊನ್ನೇಶ ಚಹಾ ತರಿಸಿದರು, ನಕ್ಕರು. ಅತ್ತೆಯ ಮೇಲಿನ ಪ್ರೀತಿಗೆ ಇವನು ಕಳ್ಳನಾಗಲೂ ತಯಾರಾಗಿದ್ದಾನೆಂದು ಅವರಿಗೆ ಬಹಳ ಮೆಚ್ಚಿಗೆಯಾಯಿತು. ಪಾತ್ರೆಗೆ ಹೆಸರು ಹಾಕುವವನು ತಮ್ಮ ನಾಲಿಗೆಗೆ ಮೋಸ ಮಾಡುವುದೆಂದರೇನು!

"ಅಳತಿ ಮಾಡ್ರಿ," ಎಂದ ಶಫೀಕ, ಅಜ್ಜನ ನಕ್ಷತ್ರವನ್ನು ಮುಂದಿಟ್ಟು. "ಎರಕ ಹೊಯ್ದದ್ದು ಆರಿದ ಮ್ಯಾಲ ಕುಗ್ಗತೈತಿ. ನಿಮ್ಮ ಮೂರೂ ಇದಕ್ಕಿಂತ ಸಣ್ಣ ಇರಬೇಕು ನೋಡ್ರಿ."

ಅಳತೆಯ ಮಾತು ಬಂದರೆ ಮೂವತ್ತು ವರ್ಷದ ನೌಕರಿ ಸುಮ್ಮನಿರುವುದಿಲ್ಲ. ಹೊನ್ನೇಶ ಗಾಜಿನ ಪೆಟ್ಟಿಗೆಯ ಮೂರನ್ನೂ ತೆಗೆದು, ವರ್ನಿಯರ್ ಮಾಪಕದ ದವಡೆಗಳ ನಡುವೆ ಒಂದೊಂದಾಗಿ ಇಟ್ಟು ನೋಡಿದರು. ಮೂರೂ ಒಂದೇ ಅಳತೆ, ಮುದುಕಿಯದಕ್ಕಿಂತ ಮುಕ್ಕಾಲು ಮಿಲಿಮೀಟರು ಕಡಿಮೆ. ಮತ್ತೆ ಅಳೆದರು. ಅಷ್ಟೇ. ಲೋಹ ಕುಗ್ಗುವ ಲೆಕ್ಕ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮುಖದ ನಗು ಹೋಯಿತು. ಮಾಪಕ ಕೆಳಗಿಟ್ಟು ಮೆಲ್ಲಗೆ ಕೇಳಿದರು.

"ಎಲ್ಲಿ ಹುಗಿತಿದ್ದಿ?"

"ನೀಲಪ್ಪನ ತಿಪ್ಪಿಯಾಗ್ರಿ."

"ಆಕಳಂದೇನು?"

"ಎಮ್ಮಿರಿ. ಒಂದು ಎತ್ತೂ ಐತ್ರಿ."

ಹೊನ್ನೇಶ ತಂಬಿಗೆ ಎತ್ತಿ ಪೂರ್ತಿ ನೀರು ಕುಡಿದರು. ಬಾಯಿ ಮುಕ್ಕಳಿಸಿ ಕಿಟಕಿಯ ಹೊರಗೆ ಉಗುಳಿದರು. ಏಳು ವರ್ಷದ ರುಚಿಗಳನ್ನೆಲ್ಲ ಒಂದೊಂದಾಗಿ ನೆನೆಯುತ್ತಿದ್ದಾರೇನೋ ಎಂದು ಶಫೀಕನಿಗೆ ಅನಿಸಿತು, ಪಾಪ ಎಂದೂ ಅನಿಸಿತು. ಆದರೆ ದೊಡ್ಡ ಮನುಷ್ಯರು ಸಣ್ಣ ಸತ್ಯಕ್ಕೆ ಬೀಳುವುದಿಲ್ಲ. ಧೋತರದ ತುದಿಯಿಂದ ಬಾಯಿ ಒರೆಸಿಕೊಂಡು ಕುರ್ಚಿಗೆ ಬಂದಾಗ ಅವರು ಮೊದಲಿನ ಹೊನ್ನೇಶರೇ ಆಗಿದ್ದರು.

"ನೋಡು ಶಫೀಕ, ಮೂರು ಒಂದಽ ಅಳತಿ ಅದಾವ, ನಿನ್ನದೊಂದು ಬ್ಯಾರೆ ಐತಿ. ಮೂರು ಮಂದಿ ಸಾಕ್ಷಿ ನಂಬಬೇಕೋ, ಒಬ್ಬಂದು ನಂಬಬೇಕೋ? ಪಟ್ಟಿ ಅಚ್ಚಾಗೇತಿ, ಮಂದಿಗೆ ಕಾಗದ ಹೋಗ್ಯಾವ. ನೀ ಏನೂ ಹೇಳಿಲ್ಲ, ನಾ ಏನೂ ಕೇಳಿಲ್ಲ."

ಆಮೇಲೆ ದನಿ ಇನ್ನೂ ತಗ್ಗಿಸಿ ದಾರಿಯನ್ನೂ ತೋರಿಸಿದರು. ರಹಮಾನಸಾಬನ ಹೆಸರಿನ ನಕ್ಷತ್ರ ಸರಿಯಾದ ಅಳತೆಯದು, ಸರಿಯಾದ ಬಣ್ಣದ್ದು, ಸರಿಯಾದ ರುಚಿಯದು ಬಂದರೆ ಚೀಟಿ ಕೊಡಲು ತಮ್ಮದೇನೂ ಅಡ್ಡಿಯಿಲ್ಲ. ಈ ಹೊಳೆಯುವುದು ಮಾತ್ರ ಮತ್ತೆ ಯಾರ ಕಣ್ಣಿಗೂ ಬೀಳಬಾರದು. ಅಂದರೆ ಖರೆ ರಹಮಾನಸಾಬ ಫಲಕಕ್ಕೆ ಏರಬೇಕಾದರೆ ಖೋಟಾ ರಹಮಾನಸಾಬನಾಗಿ ತಿಪ್ಪೆಯ ಮೂಲಕವೇ ಬರಬೇಕು. ಶಫೀಕ ಒಪ್ಪಿದ. ಅತ್ತೆಯ ಮುಖ ಕಣ್ಣ ಮುಂದೆ ಇತ್ತು, ಬೇರೆ ದಾರಿ ಕಾಣಲಿಲ್ಲ. ಹನ್ನೆರಡನೆಯ ನಕ್ಷತ್ರ ಹೊಯ್ದ, ಅಜ್ಜನ ಖರೆ ನಂಬರು, ಖರೆ ಹೆಸರು ಕೊರೆದ, ನಲವತ್ತು ದಿನ ಎಮ್ಮೆಗಳ ವಶಕ್ಕೆ ಕೊಟ್ಟ.

ಜುಲೈ ಕೊನೆಗೆ ಸಮಿತಿಯವರೆಲ್ಲರ ಎದುರು ಪರೀಕ್ಷೆ ನಡೆಯಿತು. ಹೊನ್ನೇಶ ಭೂತಗನ್ನಡಿ ಹಿಡಿದರು, ಮೂಸಿದರು. ಅಲ್ಲಿಗೆ ನಿಲ್ಲಿಸಬಹುದಾಗಿತ್ತು. ಆದರೆ ಸೋಮೇಶ ಅವರ ಬಾಯನ್ನೇ ನೋಡುತ್ತಿದ್ದ. ಹೊನ್ನೇಶ ನಾಲಿಗೆ ಚಾಚಿದರು. ಗೊತ್ತಿದ್ದೂ ಚಾಚಿದರು. ಆ ಧೈರ್ಯಕ್ಕಾದರೂ ಅವರಿಗೊಂದು ಪದಕ ಕೊಡಬೇಕಿತ್ತು. "ಮದ್ದಿನ ರುಚಿ," ಎಂದರು, ಕಣ್ಣಲ್ಲಿ ನೀರು ಬಂತು. ಸಮಿತಿಯವರು ಅದನ್ನು ದೇಶಭಕ್ತಿ ಎಂದುಕೊಂಡರು.

ಶಫೀಕ ಫಲಕದ ಕೊನೆಯ ಸಾಲಿನಲ್ಲಿ ಅಜ್ಜನ ಹೆಸರು ಕೊರೆದ. ಅಷ್ಟು ಮನಸ್ಸಿಟ್ಟು ಯಾವ ಕೊಡದ ಮೇಲೂ ಬರೆದಿರಲಿಲ್ಲ. ಆಗಸ್ಟ್ ಹದಿಮೂರನೆಯ ತಾರೀಖು ಫಲಕವನ್ನು ಶಿರಹಟ್ಟಿಗೆ ಒಯ್ದು ಕಟ್ಟೆಗೆ ಕೂರಿಸಿ, ಬಟ್ಟೆ ಮುಚ್ಚಿ, ಮಖಮಲ್ಲಿನ ಡಬ್ಬಿಯಲ್ಲಿ ಮಂಕು ನಕ್ಷತ್ರವನ್ನೂ ಚೀಟಿಯನ್ನೂ ಇಟ್ಟುಕೊಂಡು ಅತ್ತೆಯ ಮನೆಗೆ ಹೋದ. ಅಜ್ಜನದು ಅವನ ಕಿಸೆಯಲ್ಲಿತ್ತು, ಗದ್ದಲವೆಲ್ಲ ಮುಗಿದ ಮೇಲೆ ಬದಲಿಸಿ ಇಟ್ಟರಾಯಿತೆಂದು. ಪರೀಕ್ಷೆಯ ಔಷಧಿಯಿಂದ ನಕ್ಷತ್ರ ಕಪ್ಪಾಗಿದೆ ಎಂದು ಹೇಳಿದ. ಸುಗ್ರಾಬಿ ಓಣಿಗೆಲ್ಲ ಸಕ್ಕರೆ ಹಂಚಿ ಬಂದು, ಅಪ್ಪನ ಗ್ಯಾಸಬತ್ತಿಯನ್ನು ಗೋಡೆಯ ಮೇಲಿನ ನಾಗಂದಿಗೆಯಿಂದ ಇಳಿಸಿದಳು. ಅನಾವರಣದ ದಿನ ಅದನ್ನು ಫಲಕದ ಮುಂದೆ ಹಚ್ಚಬೇಕೆಂದು ಅವಳ ಹಟ. ತಿರುಪು ಸಡಿಲಾಗಿತ್ತು. ಡಬ್ಬಿಯಿಂದ ನಕ್ಷತ್ರ ತೆಗೆದು, ಅಪ್ಪ ಮಾಡುತ್ತಿದ್ದ ಹಾಗೇ ಮೊಂಡು ಮೊನೆಯನ್ನು ತಿರುಪಿನ ಸೀಳಿಗೆ ಇಟ್ಟು ತಿರುವಿದಳು.

ಜಾರಿತು. ಮತ್ತೆ ಇಟ್ಟಳು. ಮೊನೆ ಸೀಳಿನಲ್ಲಿ ಗಲಗಲ ಆಡಿತು, ಒತ್ತಿ ತಿರುವಿದರೆ ಬಾಗಿತು. ಸುಗ್ರಾಬಿ ನಕ್ಷತ್ರವನ್ನು ಕೆಳಗಿಟ್ಟು ಅವನನ್ನು ನೋಡಿದಳು. ಭೂತಗನ್ನಡಿ ಬೇಕಾಗಲಿಲ್ಲ ಅವಳಿಗೆ, ನಾಲಿಗೆಯೂ ಬೇಕಾಗಲಿಲ್ಲ.

"ಇದು ನಮ್ಮಪ್ಪಂದಲ್ಲ."

ಶಫೀಕ ಕಿಸೆಯಲ್ಲಿದ್ದುದನ್ನು ತೆಗೆದು ಅವಳ ಕೈಗಿಟ್ಟ. ಸುಳ್ಳು ಹೇಳುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ, ಎರಡನೆಯ ಸಲ ಎಲ್ಲವನ್ನೂ ಒಪ್ಪಿಕೊಂಡ. ಫಲಕದ ಮೇಲಿನ ಹೆಸರುಗಳನ್ನು ಹೇಳು ಎಂದಳು ಸುಗ್ರಾಬಿ. ಅವನು ಬಾಯಿಪಾಠ ಒಪ್ಪಿಸಿದ: ಹಂಡೆಯ ಮೈಲಾರಪ್ಪ, ಕೊಡದ ವೀರು, ಪರಾತದ ಲೋಹಿತ, ಹೀಗೇ ಹನ್ನೊಂದು.

"ಅದರಾಗ ಒಬ್ಬರೂ ಖರೆ ಇಲ್ಲೇನು?"

"ನಿಮ್ಮಪ್ಪ, ನಮ್ಮ ದಾದಾ ಒಬ್ಬರಽ."

"ಅವನೂ ಖೋಟಾ ಚೀಟಿ ಮ್ಯಾಲ ಹತ್ತಿದಾವ." ಅವಳು ಖಾಲಿ ಡಬ್ಬಿಯನ್ನು ಅವನ ಕಡೆ ತಳ್ಳಿದಳು. "ಜೀವಮಾನ ಪೂರಾ ಬಡಾಯಿ ಅನಿಸ್ಕೊಂಡ ಅಂವ. ಆದ್ರ ಒಂದು ದಿನಾನೂ ಸುಳ್ಳು ಹೇಳಲಿಲ್ಲ. ಸತ್ತ ಮ್ಯಾಲ ನೀ ಅವನ ಬಾಯಿಲೆ ಹೇಳಸಾಕ ಹತ್ತೀಯಲ್ಲೋ. ಅಳಸು."

ಅಳಿಸಿದರೆ ಮತ್ತೆ ಬರೆಯಲು ಬರುವುದಿಲ್ಲ ಫುಫೂ, ನಿನಗೆ ಬೇಕಾಗಿದ್ದು ಅದೊಂದೇ ಅಲ್ಲವೇ ಎಂದು ಅವನು ಅಂಗಲಾಚಿದ. ಹೌದು, ಅದೊಂದೇ ಬೇಕಾಗಿತ್ತು ಎಂದಳು ಅವಳು, ಅದಕ್ಕೇ ಅಳಿಸು ಎಂದಳು. ಮುಖ ಆ ಕಡೆ ತಿರುಗಿಸಿಕೊಂಡು ಅತ್ತಳು. ಮರುದಿನ ಮುಂಜಾನೆ ಶಫೀಕ ಬಟ್ಟೆಯ ಒಳಗೆ ತಲೆ ತೂರಿಸಿ, ಅರದಿಂದ ತಿಕ್ಕಿ ತಿಕ್ಕಿ ಕೊನೆಯ ಸಾಲನ್ನು ತೆಗೆದ. ಹಿತ್ತಾಳೆಯಲ್ಲಿ ಒಂದು ಗೇಣು ಉದ್ದದ ತಗ್ಗು ಉಳಿಯಿತು.

ಹದಿನೈದರಂದು ದೊಡ್ಡ ಸಭೆ. ಸುಗ್ರಾಬಿ ತನ್ನದನ್ನು ಬೇಡವೆಂದ ಮೇಲೆ ಉಳಿದ ಹನ್ನೊಂದು ಯೋಧರ ವಂಶಸ್ಥರಿಗೆ ಶಾಲು. ಅಷ್ಟು ಮಂದಿಯನ್ನು ಎಲ್ಲಿಂದ ಒಟ್ಟುಗೂಡಿಸಿದನೋ, ನೀಲಪ್ಪನನ್ನೇ ಕೇಳಬೇಕು. ಒಂದು ಶಾಲು ಅವನ ಹೆಗಲ ಮೇಲೂ ಇತ್ತು. ಹೊನ್ನೇಶ ಮೈಕಿನ ಮುಂದೆ ನಿಂತು 'ಹನ್ನೆರಡು ವೀರರು' ಎಂದು ಹಗ್ಗ ಎಳೆದರು, ಬಟ್ಟೆ ಬಿತ್ತು. ಒಂದೊಂದೇ ಹೆಸರು ಓದುತ್ತ ಬಂದವರು ಹನ್ನೆರಡಕ್ಕೆ ಬಂದು ನಿಂತರು. ಅಲ್ಲಿ ಏನೂ ಇರಲಿಲ್ಲ. ಶಫೀಕ ಕಟ್ಟೆಯ ಪಕ್ಕ ನಿಂತಿದ್ದ. ಈಗ ಎಲ್ಲ ಹೊರಬೀಳುತ್ತದೆ ಎಂದುಕೊಂಡ, ಬೀಳಲಿ ಎಂದೂ ಅಂದುಕೊಂಡ.

ಹೊನ್ನೇಶ ಗಂಟಲು ಸರಿಪಡಿಸಿಕೊಂಡರು. ಈ ಖಾಲಿ ಜಾಗ ಬೇಕೆಂದೇ ಬಿಟ್ಟದ್ದು ಎಂದರು. ಹೆಸರಿಲ್ಲದೆ ಸತ್ತ ಅಜ್ಞಾತ ಯೋಧನಿಗೆ ಇದು ನಮ್ಮ ಗೌರವ, ಇಂಥದ್ದು ಈ ಜಿಲ್ಲೆಯಲ್ಲಿ ಎಲ್ಲೂ ಇಲ್ಲ ಎಂದರು. ಚಪ್ಪಾಳೆ ನಿಲ್ಲಲೇ ಇಲ್ಲ. ಸೋಮೇಶ ಎದ್ದು ಬಂದು ತನ್ನ ಕೊರಳ ಹಾರವನ್ನೇ ತೆಗೆದು ಆ ತಗ್ಗಿನ ಮೇಲೆ ಹಾಕಿದ.

ಸುಗ್ರಾಬಿ ಜನರನ್ನು ಸರಿಸಿಕೊಂಡು ಮುಂದೆ ಹೋದಳು. ಸೆರಗಿಗೆ ಅಪ್ಪನ ನಕ್ಷತ್ರ ಚುಚ್ಚಿಕೊಂಡಿದ್ದಳು, ಹುಣಸೆಹಣ್ಣಿನ ಹೊಳಪು ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಹಾರ ಸರಿಸಿ, ತಗ್ಗಿನ ಮೇಲೆ ಬೆರಳಾಡಿಸಿ, ಮೈಕಿಗೆ ಕೇಳುವ ಹಾಗೆ ಹೇಳಿದಳು.

"ಇಲ್ಲಿ ನಮ್ಮಪ್ಪ ಅದಾನ."

ಹೊನ್ನೇಶ ನಕ್ಷತ್ರವನ್ನು ನೋಡಿದರು, ಅವಳನ್ನು ನೋಡಿದರು. ಆಮೇಲೆ ಬಹಳ ಕರುಣೆಯಿಂದ ಅವಳ ತಲೆಯ ಮೇಲೆ ಕೈಯಿಟ್ಟು, ಸಭೆಯ ಕಡೆ ತಿರುಗಿದರು.

"ಕೇಳಿದಿರಿಲ್ಲೋ? ಹಂಗ ತಿಳ್ಕೋಬೇಕ್ರಿ ಎಲ್ಲಾರೂ. ಇಲ್ಲಿ ನಮ್ಮಪ್ಪ ಅದಾನ ಅಂತ."

ಜನ ಹೌದು ಹೌದೆಂದು ತಲೆದೂಗಿದರು. ಸಾಲು ಹಚ್ಚಿ ಒಬ್ಬೊಬ್ಬರೇ ಬಂದು ಆ ತಗ್ಗನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಶಾಲು ಹೊದ್ದ ನೀಲಪ್ಪನೂ ಒತ್ತಿಕೊಂಡ. ಅವಳು ತಿರುಗಿ ಬರುವಾಗ ಬೆನ್ನ ಹಿಂದೆ ಯಾರೋ, ಇವಳು ಬರ್ಮಾ ಬಡಾಯಿಯ ಮಗಳಲ್ಲವೇ, ಅಪ್ಪನ ಚಾಳಿಯೇ ಬಂದಿದೆ ಎಂದರು. ಸುಗ್ರಾಬಿಗೆ ಕೇಳಿಸಿತು. ಹುಟ್ಟಿದಾಗಿನಿಂದ ಆ ಮಾತಿಗೆ ಉರಿದು ಬೀಳುತ್ತಿದ್ದವಳು ಈ ಸಲ ನಕ್ಕಳು.

ಕಟ್ಟೆಯ ಪಕ್ಕ ಶಫೀಕ ಗ್ಯಾಸಬತ್ತಿ ಹಿಡಿದುಕೊಂಡು ತಲೆ ತಗ್ಗಿಸಿ ನಿಂತಿದ್ದ. ಅವಳು ಸೆರಗಿನಿಂದ ನಕ್ಷತ್ರ ಬಿಚ್ಚಿ ಅವನ ಕೈಗೆ ಕೊಟ್ಟಳು.

"ತಿರುಪು ಬಿಗಿ," ಎಂದಳು.

ಮೊಂಡು ಮೊನೆ ಸೀಳಿನಲ್ಲಿ ಸರಿಯಾಗಿ ಕೂತಿತು.